ನಮ್ಮೂರ ನೀರು, ಮಣ್ಣು, ಮಳೆ

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲಾ ಆವರಣದಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಂಘದವರು ಫೋನ್ ಮಾಡಿ, ‘ನೀನು ಪರಿಸರದ ಬಗ್ಗೆ ಹತ್ತು ನಿಮಿಷ ಮಾತಾಡು’ ಎಂದರು. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಪರಿಸರ ವಿಜ್ಞಾನಿ ಅಲ್ಲ. ಆದರೂ ಒಪ್ಪಿಕೊಂಡೆ. ಏಕೆಂದರೆ ನೀರಿನ ವಿಷಯದಲ್ಲಿ ನಮ್ಮೂರಿಗೆ ಈಗ ಬೇಕಾಗಿರುವುದು ಹೆಚ್ಚಿನ ಪಾಲು ಕೂಡುವುದು, ಕಳೆಯುವುದು, ಗುಣಿಸುವುದು. ಆ ಲೆಕ್ಕ ಇದೇ ಶಾಲೆಯಲ್ಲಿ ಕಲಿತದ್ದು. ಪರಿಸರ ಎಂದರೆ ಜೂನ್ 5ರಂದು ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಎಂದಾಗಿಬಿಟ್ಟಿದೆ. ಇವತ್ತು ಗಿಡ ನೆಡುವ ಮಾತು ಆಡುವುದಿಲ್ಲ. ನಮ್ಮೂರ ಮೇಲೆ ಬೀಳುವ ನೀರು ಏನಾಗುತ್ತದೆ ಎಂದು ನೋಡೋಣ. ಕೊನೆಯಲ್ಲಿ ಒಂದು ಬೇಡಿಕೆ ಇದೆ. ಅದು ಶಾಲೆಯ ಮುಂದೆ ಕಟ್ಟಬೇಕೆಂದಿರುವ ಕಮಾನಿಗೆ ಸಂಬಂಧಿಸಿದ್ದು. ಹಾಗಾಗಿ ಸಮಿತಿಯವರು ದಯವಿಟ್ಟು ಊಟಕ್ಕೆ ಮೊದಲೇ ಎದ್ದು ಹೋಗಬೇಡಿ.

ಮೊದಲು ಊರಿನ ಹೆಸರು. ಬೊಮ್ಮಸಂದ್ರ. ‘ಸಂದ್ರ’ ಎಂದರೆ ಸಮುದ್ರ. ಸಮುದ್ರ ಬಾಯಲ್ಲಿ ಸವೆದು ಸವೆದು ಸಂದ್ರ ಆಯಿತು. ಹಿಂದಿನವರು ದೊಡ್ಡ ಕೆರೆಯನ್ನು ಸಮುದ್ರ ಎಂದು ಕರೆಯುತ್ತಿದ್ದರು. ಕಮ್ಮಸಂದ್ರ, ಸಿಂಗಸಂದ್ರ, ಕೋನಸಂದ್ರ, ವಾಬಸಂದ್ರ, ಹೀಗೆ ನಮ್ಮ ಸುತ್ತ ಎಷ್ಟು ಸಂದ್ರಗಳಿವೆ ಎಣಿಸಿ. ನಿಜವಾದ ಸಮುದ್ರ ಇಲ್ಲಿಂದ ಮುನ್ನೂರು ಕಿಲೋಮೀಟರು. ಹತ್ತಿರದಲ್ಲಿ ದೊಡ್ಡ ನದಿಯೂ ಇಲ್ಲ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ. ಈ ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ನಮ್ಮ ಕಡೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನಂದಿಬೆಟ್ಟದ ಕಡೆ ಹುಟ್ಟಿ, ಹೊಸಕೋಟೆ ದಾಟಿ, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟು ತುಂಬಿಸಿ, ಕೊನೆಗೆ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ ಸೇರುವ ನದಿ ಅದು. ನದಿಯಿಲ್ಲದ ದಿಬ್ಬದ ಮೇಲೆ ಬದುಕಬೇಕಾದವರು ಮಳೆಯನ್ನು ಅಲ್ಲಲ್ಲೇ ಹಿಡಿದು ನಿಲ್ಲಿಸಬೇಕಾಯಿತು. ಅದಕ್ಕೇ ಇಷ್ಟು ಸಂದ್ರಗಳು.

ಈಗ ಗುಣಾಕಾರ. ಮಕ್ಕಳೇ, ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದೆಲ್ಲ ಬರುತ್ತದೆ. ಬೆಂಗಳೂರಿನ ವರ್ಷದ ಸರಾಸರಿ ಮಳೆ ಸುಮಾರು 970 ಮಿ.ಮೀ. ನಮ್ಮ ಕಡೆ ಕಡಿಮೆಯೇ ಇರಲಿ ಎಂದು 800 ಹಿಡಿಯೋಣ. ಒಂದು ಎಕರೆ ಎಂದರೆ 4047 ಚದರ ಮೀಟರ್. ಗುಣಿಸಿದರೆ ಒಂದು ಎಕರೆಯ ಮೇಲೆ ವರ್ಷಕ್ಕೆ 32 ಲಕ್ಷ ಲೀಟರ್ ನೀರು ಬೀಳುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಐನೂರು ಮೂವತ್ತಕ್ಕೂ ಹೆಚ್ಚು ಟ್ಯಾಂಕರ್. ಒಂದು ಎಕರೆಗೆ! ನನ್ನ ಚಿಕ್ಕಪ್ಪನ ಮಗ ಟ್ಯಾಂಕರ್ ಓಡಿಸುತ್ತಾನೆ, ಮೂರನೇ ಸಾಲಿನಲ್ಲಿ ಕೂತು ನಗುತ್ತಿದ್ದಾನೆ. ಒಂದು ಟ್ಯಾಂಕರಿಗೆ ಎಷ್ಟು ತಗೊಳ್ಳುತ್ತೀಯ ಎಂದು ಇಲ್ಲಿ ಕೇಳುವುದಿಲ್ಲ ಮಾರಾಯ, ಹೆದರಬೇಡ.

ಹಾಗಾದರೆ ಇಷ್ಟು ನೀರು ಬಿದ್ದೂ ಫೆಬ್ರುವರಿ ಬಂದರೆ ನಮ್ಮ ಬೀದಿಗಳಲ್ಲಿ ಪ್ಲಾಸ್ಟಿಕ್ ಕೊಡಗಳು ಏಕೆ ಸಾಲಾಗಿ ನಿಲ್ಲುತ್ತವೆ?

ಇದಕ್ಕೆ ಉತ್ತರ ಮಣ್ಣಿನಲ್ಲಿದೆ. ಒಂಬತ್ತನೇ ತರಗತಿಯ ಮಕ್ಕಳು ಮೇಜಿನ ಮೇಲೆ ಎರಡು ಬಾಟಲಿ ಇಟ್ಟಿದ್ದಾರೆ ನೋಡಿ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಗಳನ್ನು ಅರ್ಧಕ್ಕೆ ಕತ್ತರಿಸಿ, ತಲೆಕೆಳಗು ಮಾಡಿ, ಬಾಯಿಗೆ ಬಟ್ಟೆ ಕಟ್ಟಿದ್ದಾರೆ. ಒಂದರಲ್ಲಿ ನಮ್ಮ ಆಟದ ಮೈದಾನದ ಮಣ್ಣು. ಇನ್ನೊಂದರಲ್ಲಿ ಹಿಂದಿನ ಹೊಂಗೆ ಮರದ ಕೆಳಗಿನ ಮಣ್ಣು. ಎರಡೂ ಒಂದೇ ಕೆಂಪು ಮಣ್ಣು, ನೂರು ಅಡಿ ದೂರವೂ ಇಲ್ಲ. ನಾನು ಮಾತು ಶುರು ಮಾಡಿದಾಗ ಎರಡಕ್ಕೂ ಅರ್ಧರ್ಧ ಲೀಟರ್ ನೀರು ಹಾಕಿದರು. ಹೊಂಗೆ ಮರದ ಮಣ್ಣು ನೀರನ್ನು ಕುಡಿದು, ಕೆಳಗಿನ ಲೋಟಕ್ಕೆ ತಿಳಿನೀರು ತೊಟ್ಟಿಕ್ಕುತ್ತಿದೆ. ಮೈದಾನದ ಮಣ್ಣಿನ ಮೇಲೆ ನೀರು ಇನ್ನೂ ನಿಂತೇ ಇದೆ, ಕೆಂಪಗೆ ಕದಡಿಕೊಂಡು.

ವ್ಯತ್ಯಾಸ ಏನೆಂದರೆ, ಮರದ ಕೆಳಗೆ ಎಲೆ ಬಿದ್ದು ಕೊಳೆತಿದೆ, ಎರೆಹುಳು ಬಿಲ ಮಾಡಿದೆ, ಬೇರು ದಾರಿ ಮಾಡಿದೆ. ಎರೆಹುಳು, ಗೆದ್ದಲು, ಶಿಲೀಂಧ್ರ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಇವೆಲ್ಲ ಸೇರಿ ಮಣ್ಣಿನ ಕಣಗಳನ್ನು ಪುಟ್ಟ ಉಂಡೆಗಳಾಗಿ ಅಂಟಿಸುತ್ತವೆ. ಉಂಡೆಗಳ ನಡುವೆ ಸಂದು ಇರುತ್ತದೆ. ಆ ಸಂದಿನಲ್ಲಿ ಗಾಳಿ ಇರುತ್ತದೆ, ನೀರು ಇಳಿಯುತ್ತದೆ. ಮೈದಾನದಲ್ಲಿ ಐವತ್ತು ವರ್ಷ ನಾವೆಲ್ಲ ಕಬಡ್ಡಿ ಆಡಿ ತುಳಿದು ಸಂದು ಮುಚ್ಚಿದ್ದೇವೆ. ಮೈದಾನ ಇರುವುದೇ ತುಳಿಯಲು, ಅದು ತಪ್ಪೇನಲ್ಲ. ಆದರೆ ಊರಿಗೆ ಊರೇ ಮೈದಾನವಾದರೆ? ಮೈದಾನವಾದರೂ ಮಣ್ಣು. ಈಗ ಆಗಿರುವುದು ಕಾಂಕ್ರೀಟ್, ಡಾಂಬರು, ತಗಡಿನ ಚಾವಣಿ, ಸೈಟಿನ ಅಂಚಿನ ತನಕ ಹಾಕಿದ ಇಂಟರ್‌ಲಾಕ್ ಕಲ್ಲು. ಕಾಂಕ್ರೀಟ್ ಮೇಲೆ ಬಿದ್ದ ಹತ್ತು ಪಾಲಿನಲ್ಲಿ ಎಂಟೊಂಬತ್ತು ಪಾಲು ನೀರು ಹರಿದು ಹೋಗುತ್ತದೆ. ಮನೆ ಮುಂದೆ ಎರಡಡಿ ಮಣ್ಣು ಬಿಟ್ಟರೆ ಕೆಸರಾಗುತ್ತದೆ ಎಂದು ಅದಕ್ಕೂ ಸಿಮೆಂಟು ಬಳಿಯುತ್ತೇವೆ.

ನಮ್ಮ ತಾತನ ಹೊಲದಲ್ಲಿ ರಾಗಿಯ ಜೊತೆ ಅಕ್ಕಡಿ ಸಾಲು ಇರುತ್ತಿತ್ತು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಇಲ್ಲಿರುವ ಹಿರಿಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಮಕ್ಕಳಿಗೆ ಅದರ ವಿಜ್ಞಾನ ಹೇಳುತ್ತೇನೆ. ಅವರೆ, ತೊಗರಿಯ ಬೇರಿನ ಗಂಟುಗಳಲ್ಲಿ ಇರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ತೊಗರಿಯ ಬೇರು ಆಳಕ್ಕೆ ಹೋಗುತ್ತದೆ, ರಾಗಿಯದು ಮೇಲೆ ಹರಡುತ್ತದೆ. ಒಬ್ಬರ ನೀರಿಗೆ ಇನ್ನೊಬ್ಬರು ಕೈ ಹಾಕುವುದು ಕಡಿಮೆ. ರಾಗಿ ಕೊಯ್ದ ಮೇಲೂ ಅವರೆ ತೊಗರಿ ಹೊಲದಲ್ಲಿ ನಿಂತಿರುತ್ತವೆ, ಹಾಗಾಗಿ ಮಣ್ಣು ಬರಿದಾಗಿ ಬಿಸಿಲಿಗೆ ಒಣಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಒಂದು ಹೋದರೂ ಇನ್ನೊಂದು ಉಳಿಯುತ್ತಿತ್ತು. ಅನ್ವಯಿಕ ಪರಿಸರ ವಿಜ್ಞಾನ ಎಂದು ಕಾಲೇಜಿನಲ್ಲಿ ಇದಕ್ಕೆ ದೊಡ್ಡ ಹೆಸರು. ನಮ್ಮ ಕಡೆ ಇದರ ಹೆಸರು ಸಾಲು ಹಾಕೋದು.

ಎಂಬತ್ತರ ದಶಕದಲ್ಲಿ ಬೆಂಗಳೂರು, ಕೋಲಾರದ ಕಡೆ ಎಷ್ಟೋ ರಾಗಿ ಹೊಲಗಳಿಗೆ ನೀಲಗಿರಿ ಬಂತು. ಸಾಮಾಜಿಕ ಅರಣ್ಯ ಎಂದು ಸರ್ಕಾರವೇ ಉತ್ತೇಜನ ಕೊಟ್ಟಿತು. ನೋಡಿಕೊಳ್ಳುವ ಗೋಜಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ, ಕೂಲಿಯಾಳು ಬೇಕಿಲ್ಲ. 2017ರಲ್ಲಿ ಅದೇ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ರಾಗಿ ಬೆಳೆದವನಿಗೆ ನಾಲ್ಕು ಕಾಸು ಜಾಸ್ತಿ ಸಿಕ್ಕಿದ್ದರೆ ನೀಲಗಿರಿ ಬರುತ್ತಲೇ ಇರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಇನ್ನು ಮಣ್ಣಿನ ಕೆಳಗೆ. ನಮ್ಮ ಕೆಂಪು ಮಣ್ಣಿನ ಕೆಳಗೆ ಶಿಥಿಲವಾದ ಮೆತ್ತನೆಯ ಕಲ್ಲಿನ ಪದರ ಇದೆ. ಅದರ ಕೆಳಗೆ ಗಟ್ಟಿ ಬಂಡೆ. ಹಿಂದಿನ ತೆರೆದ ಬಾವಿಗಳಿಗೆಲ್ಲ ನೀರು ಬರುತ್ತಿದ್ದದ್ದು ಆ ಮೇಲಿನ ಪದರದಿಂದ. ಬಂಡೆಯೊಳಗೆ ಕೆರೆ, ನದಿ ಏನೂ ಇಲ್ಲ. ಬಿರುಕುಗಳಿವೆ. ಬಿರುಕಿನಲ್ಲಿ ಸ್ವಲ್ಪ ನೀರಿದೆ, ಅಷ್ಟೇ. ಬೋರ್‌ವೆಲ್ ಕೊರೆಯುವವನು ಇನ್ನೂರು ಅಡಿಗೆ ಸಿಗಲಿಲ್ಲ ಎಂದು ಸಾವಿರದ ಇನ್ನೂರು ಅಡಿಗೆ ಹೋಗುವುದು ಆ ಬಿರುಕನ್ನು ಹುಡುಕಿಕೊಂಡು. ಸಿಕ್ಕರೆ ಅದೃಷ್ಟ. ಸಿಕ್ಕ ನೀರೂ ಮೊನ್ನೆಯ ಮಳೆಯದಾಗಿರುವುದಿಲ್ಲ. ಎಷ್ಟೋ ವರ್ಷ ಹಿಡಿದು ಇಳಿದು ಕೂತ ನೀರು ಅದು.

ಹಗೇವು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಎಲ್ಲಾ ಬಿಳಿ ತಲೆಗಳೇ! ಮಕ್ಕಳೇ, ಹಗೇವು ಎಂದರೆ ರಾಗಿ ತುಂಬಿಡಲು ನೆಲದಲ್ಲಿ ತೋಡಿದ ಆಳದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಅದರಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಒಳ್ಳೆಯ ಸುಗ್ಗಿಯಲ್ಲಿ ತುಂಬುವುದು, ಬರಗಾಲದಲ್ಲಿ ತೆಗೆಯುವುದು. 1876ರಿಂದ 78ರ ಧಾತು ಈಶ್ವರ ಸಂವತ್ಸರಗಳ ಬರದ ಕಥೆಗಳು ನಮ್ಮ ಹಳೆ ಮೈಸೂರಿನ ಮನೆಗಳಲ್ಲಿ ಇನ್ನೂ ಉಳಿದಿವೆ. ಅಂಥ ಬರ ಕಂಡ ಜನ ಹಗೇವಿಗೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸುತ್ತಿದ್ದರು. ನಮ್ಮ ಅಂತರ್ಜಲ ನಮ್ಮೂರ ಹಗೇವು. ಕಳೆದ ಮೂವತ್ತು ನಲವತ್ತು ವರ್ಷ ಪ್ರತಿದಿನ ತೆಗೆದಿದ್ದೇವೆ, ತುಂಬುವ ಬಾಯಿಗೆ ಕಾಂಕ್ರೀಟ್ ಹಾಕಿದ್ದೇವೆ. ಸರ್ಕಾರಿ ಲೆಕ್ಕದಲ್ಲಿ ಆನೇಕಲ್ ತಾಲ್ಲೂಕು ‘ಅತಿಬಳಕೆ’ಯ ಪಟ್ಟಿಯಲ್ಲಿದೆ. ಎಂದರೆ ವರ್ಷಕ್ಕೆ ಇಳಿಯುವುದಕ್ಕಿಂತ ಎತ್ತುವುದು ಹೆಚ್ಚು.

2024ರ ಮಾರ್ಚ್ ತಿಂಗಳು ಯಾರಿಗೂ ಮರೆತಿಲ್ಲ. ಅದರ ಹಿಂದಿನ ವರ್ಷ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿತ್ತು. ಬೆಂಗಳೂರಿನ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಿದರು. ನಮ್ಮ ಆಫೀಸಿನಲ್ಲಿ ಮನೆಯಿಂದಲೇ ಕೆಲಸ ಮಾಡಿ ಎಂದರು. ಮನೆಗೆ ಬಂದರೆ ಇಲ್ಲೂ ನೀರಿಲ್ಲ!

ಅದೇ ವರ್ಷ ಜೂನ್ 2ರಂದು ಏನಾಯಿತು? ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಮಳೆ. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆ ಮುರಿಯಿತು. ಮೊದಲು ಹೇಳಿದ ಲೆಕ್ಕ ಹಾಕಿ. ಒಂದು ಎಕರೆ ಕಾಂಕ್ರೀಟಿನ ಮೇಲೆ ಒಂದು ದಿನದಲ್ಲಿ ನಾಲ್ಕೂವರೆ ಲಕ್ಷ ಲೀಟರ್. ನೂರು ಎಕರೆಗೆ ನಾಲ್ಕೂವರೆ ಕೋಟಿ. ಮೂರು ತಿಂಗಳ ಹಿಂದೆ ಟ್ಯಾಂಕರಿಗಾಗಿ ಕಾಯುತ್ತಿದ್ದವರು ಈಗ ಮನೆಯೊಳಗಿನ ನೀರನ್ನು ಬಕೆಟ್‌ನಲ್ಲಿ ಹೊರಗೆ ಚೆಲ್ಲುತ್ತಿದ್ದರು. ಅದಕ್ಕೂ ಹಿಂದೆ 2022ರಲ್ಲಿ ವರ್ಷದ ಮಳೆ 1,700 ಮಿ.ಮೀ. ದಾಟಿತು. ಆ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆಯ ಕೋಟಿ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ಟಿ.ವಿ.ಯಲ್ಲಿ ನೋಡಿದ್ದೀರಿ.

ಬರವೂ ನೆರೆಯೂ ಒಂದೇ ಮನೆಯ ಎರಡು ಬಾಗಿಲು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಹೀಗಾಗಿ ಬಿಸಿಲು ಹೆಚ್ಚು ದಿನ ಮಣ್ಣನ್ನು ಒಣಗಿಸುತ್ತದೆ, ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ತಿಂಗಳೆಲ್ಲ ಸೋನೆಯಾಗಿ ಬೀಳಬೇಕಾದದ್ದು ಒಂದು ಸಂಜೆ ಬಿದ್ದರೆ ಮಣ್ಣಿಗೆ ಕುಡಿಯಲು ಪುರುಸೊತ್ತು ಇರುವುದಿಲ್ಲ. ಹವಾಮಾನ ಬದಲಾವಣೆಯನ್ನು ಬೊಮ್ಮಸಂದ್ರದವರು ಒಬ್ಬರೇ ತಡೆಯಲಾಗದು. ಆದರೆ ಒಮ್ಮೆಲೇ ಬಿದ್ದ ನೀರನ್ನು ಹಿಡಿಯುವ ಏರ್ಪಾಡು ನಮ್ಮಲ್ಲಿ ಇತ್ತು. ಅದು ಕೆರೆ.

ಒಂದು ಎಕರೆ ಕೆರೆಯಲ್ಲಿ ಒಂದು ಮೀಟರ್ ನೀರು ನಿಂತರೆ 40 ಲಕ್ಷ ಲೀಟರ್. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ತೂಬು ಎತ್ತುವವನು ನೀರಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎನ್ನುವುದು ಅವನ ಮಾತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಹೋಗಿ ಗೋಡು ತುಂಬಿ ತಂದು ಹೊಲಕ್ಕೆ ಹಾಕುತ್ತಿದ್ದರು. ಹೊಲದಿಂದ ಕೊಚ್ಚಿಹೋದ ಮಣ್ಣು ಮತ್ತೆ ಹೊಲಕ್ಕೆ. ಕೆರೆಗೆ ಹೂಳೆತ್ತಿದಂತಾಯಿತು, ಹೊಲಕ್ಕೆ ಗೊಬ್ಬರ ಬಂದಂತಾಯಿತು, ಯಾವ ಟೆಂಡರೂ ಇಲ್ಲ. ಇವತ್ತು ನಮ್ಮ ಕೆರೆಗಳ ಹೂಳನ್ನು ಪರೀಕ್ಷೆ ಮಾಡಿಸದೆ ಯಾರೂ ಹೊಲಕ್ಕೆ ಹಾಕಬಾರದು. ಏಕೆ ಎನ್ನುವುದು ನಿಮಗೆ ಗೊತ್ತು.

ಕೊಳಕು ನೀರಿನಲ್ಲಿ ಎರಡು ಜಾತಿ ಇದೆ ಎಂದು ಮಕ್ಕಳಿಗೆ ಹೇಳಬೇಕು. ಒಂದು ಮನೆಯ ಚರಂಡಿ. ಅದರಲ್ಲಿರುವುದು ಹೆಚ್ಚಾಗಿ ಕೊಳೆಯುವ ವಸ್ತು, ಸೋಪು, ಸಾರಜನಕ, ರಂಜಕ. ಇದು ಒಂದು ರೀತಿ ಗೊಬ್ಬರ. ಕೆರೆಗೆ ಗೊಬ್ಬರ ಜಾಸ್ತಿಯಾದರೆ ಪಾಚಿ, ಅಂತರಗಂಗೆ, ಜೊಂಡು ಬೆಳೆದು ನೀರನ್ನು ಮುಚ್ಚುತ್ತವೆ. ಅವು ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕ ತೆಗೆದುಕೊಳ್ಳುತ್ತದೆ. ಅದಕ್ಕೇ ಮೀನುಗಳು ಬೆಳಗಿನ ಜಾವ ಸತ್ತು ತೇಲುವುದು. ಯಾರೋ ವಿಷ ಹಾಕಿದರು ಎಂದು ನಾವು ಜಗಳ ಶುರು ಮಾಡುತ್ತೇವೆ. ಎಷ್ಟೋ ಸಲ ಆ ವಿಷ ನಮ್ಮೆಲ್ಲರ ಬಚ್ಚಲಿನಿಂದ ಹೋದದ್ದು. ಈ ಜಾತಿಯ ಕೊಳಕಿಗೆ ಸಮಯ, ಗಾಳಿ, ಜೊಂಡಿನ ಬೇರು ಸಿಕ್ಕರೆ ಪ್ರಕೃತಿಯೇ ಶುದ್ಧ ಮಾಡುತ್ತದೆ.

ಎರಡನೆಯ ಜಾತಿ ಹಾಗಲ್ಲ. ಕ್ರೋಮಿಯಂ, ಸೀಸ, ನಿಕ್ಕಲ್‌ನಂಥ ಲೋಹಗಳು, ಕೆಲವು ರಾಸಾಯನಿಕಗಳು. ಲೋಹ ಕೊಳೆಯುವುದಿಲ್ಲ. ನೀರಿನಿಂದ ಹೂಳಿಗೆ, ಹೂಳಿನಿಂದ ಸೊಪ್ಪಿಗೆ, ಸೊಪ್ಪಿನಿಂದ ನಮ್ಮ ತಟ್ಟೆಗೆ ಜಾಗ ಬದಲಾಯಿಸುತ್ತದೆ. ಅದನ್ನು ಹುಟ್ಟಿದ ಕಡೆಯೇ, ಕಾರ್ಖಾನೆಯ ಗೋಡೆಯ ಒಳಗೇ ಹಿಡಿಯಬೇಕು. ಚರಂಡಿಗೆ ಬಿಟ್ಟ ಮೇಲೆ ಹಿಡಿಯಲಾಗದು.

ಚಂದಾಪುರ ಕೆರೆಯ ವಿಷಯ ಪೇಪರಿನಲ್ಲಿ ಓದಿದ್ದೀರಿ. 24 ಎಕರೆ 10 ಗುಂಟೆಯ ಕೆರೆ. ಅದು ಕೆಟ್ಟ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡು, 2022ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ಪರಿಹಾರ ಮೊತ್ತ ಇಡಬೇಕು ಎಂದು ಆದೇಶಿಸಿತು. ಎಕರೆಗೆ ಇಪ್ಪತ್ತು ಕೋಟಿ! ನಮ್ಮ ಕಡೆಯ ಸೈಟಿನ ಬೆಲೆಯನ್ನೂ ಮೀರಿಸಿತು. ಚಂದಾಪುರ ಕೆರೆಗೆ ನೀರು ಬರುವುದು ಮೇಲಿನಿಂದ. ಮೇಲೆ ಇರುವವರು ಯಾರು? ನಾವು. ಅಲ್ಲಿಂದ ಅದು ಮುತ್ತಾನಲ್ಲೂರು ಕೆರೆಯ ಕಡೆ, ಅಲ್ಲಿಂದ ಪಿನಾಕಿನಿಗೆ. ಕೆಲವರಪಳ್ಳಿ ಅಣೆಕಟ್ಟಿನ ಕೆಳಗೆ ನೊರೆ ಗುಡ್ಡೆಗುಡ್ಡೆಯಾಗಿ ಹಾರುವ ವಿಡಿಯೊ ಪ್ರತಿ ಮಳೆಗಾಲ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಆ ನೊರೆಗೆ ಬೆಂಗಳೂರಿನ ಪೂರ್ವ ಭಾಗವೆಲ್ಲ ಪಾಲುದಾರರು. ನಮ್ಮಲ್ಲಿ ಎಷ್ಟು ಮನೆಗಳಿಗೆ ಹೊಸೂರು, ಬಾಗಲೂರು ಕಡೆ ಬೀಗರಿಲ್ಲ? ಹೆಣ್ಣು ಕೊಟ್ಟ ಊರಿಗೆ ನಾವು ಕಳಿಸುತ್ತಿರುವ ನೀರು ಅದು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನಾನು ಕಾರ್ಖಾನೆಗಳ ವಿರೋಧಿ ಅಲ್ಲ. ನಮ್ಮ ಅಪ್ಪ ಇಲ್ಲೇ ಒಂದು ಕಾರ್ಖಾನೆಯಲ್ಲಿ ಮೂರು ಶಿಫ್ಟಿನಲ್ಲಿ ದುಡಿದರು. ನನ್ನ ಇಂಜಿನಿಯರಿಂಗ್ ಫೀಸು ಆ ಸಂಬಳದ್ದು. 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ಸ್ ಸಿಟಿ ಶುರು ಮಾಡದೇ ಇದ್ದಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆನೋ. 2025ರ ಆಗಸ್ಟಿನಿಂದ ಹಳದಿ ಮೆಟ್ರೊ ನಮ್ಮೂರಿಗೇ ಬಂದು ನಿಲ್ಲುತ್ತಿದೆ. ಇವತ್ತು ನಮ್ಮ ಶಾಲೆಯಲ್ಲಿ ಒಡಿಶಾ, ಬಿಹಾರದಿಂದ ಕೆಲಸಕ್ಕೆ ಬಂದವರ ಮಕ್ಕಳೂ ಕನ್ನಡದಲ್ಲಿ ಓದುತ್ತಿದ್ದಾರೆ, ಮೊನ್ನೆ ನಾಡಗೀತೆಯನ್ನು ನಮಗಿಂತ ಸ್ಪಷ್ಟವಾಗಿ ಹಾಡಿದರು. ಇವರೆಲ್ಲ ಇಲ್ಲಿಗೆ ಬಂದದ್ದು ಕೆಲಸ ಇದೆ ಎಂದು. ಕೆಲಸ ಇರಬೇಕು. ಹಾಗೆಯೇ, ಕಾಲುವೆ ಒತ್ತುವರಿ ಎಂದಾಗ ಬರೀ ಬಿಲ್ಡರ್‌ಗಳ ಕಡೆ ಬೆರಳು ತೋರಿಸಿ ನಾವು ಪಾರಾಗುವ ಹಾಗಿಲ್ಲ. ಕಂದಾಯ ನಕ್ಷೆ ಹಿಡಿದು ನಡೆದು ನೋಡಿದರೆ ಎರಡಡಿ, ಮೂರಡಿ, ದನದ ಕೊಟ್ಟಿಗೆ, ಬಾಡಿಗೆ ಶೆಡ್ಡು, ಕಾಂಪೌಂಡು. ಯಾರದ್ದು ಎಂದು ಹೆಸರು ಹೇಳಲು ನನಗೂ ಇಲ್ಲಿ ಬದುಕಬೇಕು. ನಮ್ಮ ದಾಯಾದಿಗಳದ್ದೂ ಇದೆ ಎಂದಷ್ಟೇ ಹೇಳುತ್ತೇನೆ.

ಇನ್ನೇನು ಮಾಡುವುದು ಎಂದು ಕೈಚೆಲ್ಲುವವರಿಗೆ ಕ್ಯಾಲಸನಹಳ್ಳಿ ತೋರಿಸುತ್ತೇನೆ. ನಮ್ಮ ತಾಲ್ಲೂಕೇ, ದೂರವೇನಲ್ಲ. 36 ಎಕರೆಯ ಕೆರೆ ಒಣಗಿ ಬಿದ್ದಿತ್ತು. ಸನ್ಸೇರಾ ಕಂಪನಿಯಲ್ಲಿದ್ದ ಮೆಕ್ಯಾನಿಕಲ್ ಇಂಜಿನಿಯರ್ ಆನಂದ್ ಮಲ್ಲಿಗವಾಡ್ ಅವರು ಕಂಪನಿಯ ಫೌಂಡೇಷನ್ ಹಣ ಮತ್ತು ಊರವರನ್ನು ಜೊತೆಗಿಟ್ಟುಕೊಂಡು 2017ರಲ್ಲಿ ಸುಮಾರು 45 ದಿನಗಳಲ್ಲಿ ಹೂಳೆತ್ತಿಸಿದರು. ತೆಗೆದ ಮಣ್ಣಿನಲ್ಲೇ ಏರಿ ಬಲಪಡಿಸಿದರು, ನಡುವೆ ಹಕ್ಕಿಗಳಿಗೆ ನಡುಗಡ್ಡೆ ಮಾಡಿದರು. ಆ ವರ್ಷದ ಮಳೆಗೆ ಕೆರೆ ತುಂಬಿತು. ಆಮೇಲೆ ವಾಬಸಂದ್ರ, ಕೋನಸಂದ್ರ. ಮೊದಲು ಎಣಿಸಿದ ಸಂದ್ರಗಳಲ್ಲಿ ಎರಡು ಮತ್ತೆ ಹೆಸರಿಗೆ ತಕ್ಕಂತಾದವು. ಹೆಬ್ಬಗೋಡಿ ಕೆರೆಯನ್ನೂ ಬಯೋಕಾನ್ ಫೌಂಡೇಷನ್ ಸುಧಾರಿಸಿತು, ಬೇರಿನಿಂದ ನೀರು ಶುದ್ಧ ಮಾಡುವ ತೇಲುವ ಗಿಡಗಳ ದ್ವೀಪ ಬಿಟ್ಟರು. ಆದರೆ ಕೆರೆಗೆ ಬರುವ ಕಾಲುವೆಯಲ್ಲಿ ಚರಂಡಿ ಹರಿಯುವವರೆಗೆ ಕೆರೆ ಸ್ವಚ್ಛ ಮಾಡುವುದು ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ. ಮೊದಲು ಕಾಲುವೆ, ಆಮೇಲೆ ಕೆರೆ.

ಕಾವೇರಿ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು, ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್. ನಮ್ಮದು ಪುರಸಭೆ, ಆ 110ರಲ್ಲಿ ನಾವಿಲ್ಲ. ಇದ್ದರೂ, ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿಸಿಕೊಂಡು ಬರಬೇಕು. ಬರಲಿ, ಬೇಡ ಎನ್ನುವುದಿಲ್ಲ. ನಮ್ಮ ಚಾವಣಿಯ ಮೇಲೆ ಬೀಳುವುದಕ್ಕೆ ಪಂಪು ಬೇಡ, ಕರೆಂಟೂ ಬೇಡ. ಬೆಂಗಳೂರಿನ ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಎಂಬ ವಿಜ್ಞಾನಿ 1995ರಿಂದ ಕಾವೇರಿ ಸಂಪರ್ಕವಿಲ್ಲದೆ ಮಳೆನೀರಿನಲ್ಲೇ ಸಂಸಾರ ನಡೆಸಿದ್ದಾರೆ.

ಈಗ ಬೇಡಿಕೆ. ಸುವರ್ಣ ಮಹೋತ್ಸವ ನಿಧಿಯಲ್ಲಿ ಶಾಲೆಯ ಮುಂದೆ ಕಮಾನು ಕಟ್ಟಬೇಕು ಎಂದು ತೀರ್ಮಾನ ಆಗಿದೆ. ದಾನಿಗಳ ಹೆಸರು ಕಲ್ಲಿನ ಮೇಲೆ ಬರಲಿದೆ. ನಾನೂ ಕೈಲಾದಷ್ಟು ಕೊಟ್ಟಿದ್ದೇನೆ, ನನ್ನ ಹೆಸರೂ ಬರುತ್ತದೆ ಎಂದು ಅಮ್ಮನಿಗೆ ಖುಷಿಯಿದೆ. ಆದರೆ ಕಳೆದ ಬೇಸಿಗೆಯಲ್ಲಿ ಶಾಲೆಯ ಬೋರ್‌ವೆಲ್ ಕೆಟ್ಟಾಗ ಹೆಣ್ಣುಮಕ್ಕಳು ಮಧ್ಯಾಹ್ನವೇ ಮನೆಗೆ ಹೋಗುತ್ತಿದ್ದರು ಎಂದು ಶಿಕ್ಷಕಿಯರು ಹೇಳಿದರು. ಶೌಚಾಲಯಕ್ಕೆ ನೀರಿಲ್ಲದ ಶಾಲೆಯಲ್ಲಿ ಹತ್ತನೇ ತರಗತಿಯ ಹುಡುಗಿ ಸಂಜೆಯವರೆಗೆ ಹೇಗೆ ಕೂರುತ್ತಾಳೆ? ಪರೀಕ್ಷೆಗೆ ಎರಡು ತಿಂಗಳು ಇರುವಾಗ ದಿನಕ್ಕೆ ಎರಡು ಪೀರಿಯಡ್ ಹೋದರೆ ಎಷ್ಟು ಪಾಠ ಹೋಯಿತು? ಇದೂ ಲೆಕ್ಕವೇ.

ನಮ್ಮ ಹೊಸ ಕಟ್ಟಡದ ಚಾವಣಿ ಮೂವತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ ಎಂದು ಹಿಡಿಯಿರಿ. ಮುನ್ನೂರು ಚದರ ಮೀಟರ್. 800 ಮಿ.ಮೀ. ಮಳೆಗೆ 2 ಲಕ್ಷ 40 ಸಾವಿರ ಲೀಟರ್. ಚೆಲ್ಲಿ ಹೋಗುವುದು, ಮೊದಲ ಮಳೆಯ ಕೊಳೆ ನೀರು ಬಿಡುವುದು ಕಳೆದರೂ 1 ಲಕ್ಷ 90 ಸಾವಿರ ಸಿಗುತ್ತದೆ. ಮುನ್ನೂರು ಮಕ್ಕಳಿಗೆ ಕುಡಿಯಲು, ಬಿಸಿಯೂಟದ ತಟ್ಟೆ ತೊಳೆಯಲು ತಲೆಗೆ ಮೂರು ಲೀಟರ್ ಎಂದರೆ ದಿನಕ್ಕೆ 900 ಲೀಟರ್. 220 ದಿನದ ಶಾಲೆಗೆ 1 ಲಕ್ಷ 98 ಸಾವಿರ. ಹೆಚ್ಚುಕಡಿಮೆ ಸರಿಸಮ! ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಇಲ್ಲದ ಶಾಲಾದಿನಗಳು ಎಂಬತ್ತು ಎಂದುಕೊಂಡರೂ 72 ಸಾವಿರ ಲೀಟರ್ ಕೂಡಿಟ್ಟರೆ ಸಾಕು. ಏಪ್ರಿಲ್‌ನಲ್ಲಿ ರಜೆ. ಮೇ ತಿಂಗಳ ಮಳೆ ಟ್ಯಾಂಕು ತುಂಬಿಸುತ್ತದೆ, ಆಮೇಲೆ ಶಾಲೆ ಬಾಗಿಲು ತೆರೆಯುತ್ತದೆ. ಶಾಲಾ ವೇಳಾಪಟ್ಟಿಯನ್ನು ಮಳೆ ನೋಡಿಯೇ ಮಾಡಿದ ಹಾಗಿದೆ. ಹೀಗೆ ಕುಡಿಯುವ, ತೊಳೆಯುವ ನೀರು ಚಾವಣಿಯಿಂದ ಬಂದರೆ ಬೋರ್‌ವೆಲ್ಲಿನ ಅಲ್ಪಸ್ವಲ್ಪ ನೀರು ಶೌಚಾಲಯಕ್ಕೆ ಉಳಿಯುತ್ತದೆ. 75 ಸಾವಿರ ಲೀಟರಿನ ನೆಲದೊಳಗಿನ ಟ್ಯಾಂಕು, ಮರಳು ಇದ್ದಿಲಿನ ಫಿಲ್ಟರ್, ಪೈಪು, ಕೈಪಂಪು. ಇದಕ್ಕೆ ನಾವು ಕೆಲವು ಗೆಳೆಯರು ಅಂದಾಜು ತರಿಸಿದ್ದೇವೆ. ಪಟ್ಟಿ ಮುಖ್ಯೋಪಾಧ್ಯಾಯರ ಹತ್ತಿರ ಇದೆ. ಕಮಾನಿಗೆ ಇಟ್ಟಿರುವ ಹಣದಲ್ಲಿ ಇದು ಮುಗಿದು ಇನ್ನೂ ಸ್ವಲ್ಪ ಉಳಿಯುತ್ತದೆ. ದಾನಿಗಳ ಹೆಸರನ್ನು ಟ್ಯಾಂಕಿನ ಗೋಡೆಯ ಮೇಲೆ ಕೆತ್ತಿಸೋಣ, ಮಕ್ಕಳು ನೀರು ಕುಡಿಯುವಾಗ ದಿನಾ ಓದುತ್ತಾರೆ. ಕಮಾನನ್ನು ಬಸ್ಸಿನಲ್ಲಿ ಹೋಗುವವರು ಓದುತ್ತಾರೋ ಇಲ್ಲವೋ.

ಮೂರು ಎಚ್ಚರಿಕೆ. ನಾವಿರುವುದು ಕೈಗಾರಿಕಾ ಪ್ರದೇಶ, ಚಾವಣಿಯ ಮೇಲೆ ಧೂಳು, ಮಸಿ ಕೂರುತ್ತದೆ. ಮೊದಲ ಎರಡು ಮಳೆಯನ್ನು ಹೊರಗೆ ಬಿಡಲೇಬೇಕು, ವರ್ಷಕ್ಕೆ ಎರಡು ಸಲ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು, ಕುಡಿಯುವ ನೀರನ್ನು ಕಾಯಿಸಬೇಕು ಅಥವಾ ಕ್ಲೋರಿನ್ ಹಾಕಬೇಕು. ಎರಡನೆಯದು, ಟಿಡಿಎಸ್ ಮೀಟರ್ ಅದ್ದಿ ಸಂಖ್ಯೆ ತೋರಿಸಿದರೆ ಮರುಳಾಗಬೇಡಿ. ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುವುದು ಸರಿ, ಆದರೆ ಅದು ಕರಗಿದ ಲವಣದ ಒಟ್ಟು ಮೊತ್ತ ಮಾತ್ರ. ಸೀಸ ಇದೆಯೋ, ಭೇದಿ ತರುವ ಕ್ರಿಮಿ ಇದೆಯೋ ಆ ಮೀಟರಿಗೆ ಗೊತ್ತಾಗುವುದಿಲ್ಲ. ಮೂರನೆಯದು ಬಹಳ ಮುಖ್ಯ. ಉತ್ಸಾಹದಲ್ಲಿ ಯಾರೂ ರಸ್ತೆಯ ನೀರನ್ನು, ಶೆಡ್ಡಿನ ಅಂಗಳದ ನೀರನ್ನು ಬೋರ್‌ವೆಲ್ಲಿಗೆ ಇಂಗಿಸಬೇಡಿ. ಚಾವಣಿಯ ನೀರು ಮಾತ್ರ, ಅದೂ ಫಿಲ್ಟರ್ ಆದ ಮೇಲೆ. ಹಗೇವಿಗೆ ಹುಳ ಹಿಡಿದ ರಾಗಿ ಹಾಕಿದರೆ ಒಳಗಿದ್ದದ್ದೂ ಕೆಡುತ್ತದೆ.

ಟ್ಯಾಂಕು ತುಂಬಿ ಉಕ್ಕುವ ನೀರಿಗೆ ಆವರಣದ ಮೂಲೆಯಲ್ಲಿ ಒಂದು ಇಂಗುಬಾವಿ ತೋಡಿಸೋಣ. ಮೂರಡಿ ಅಗಲ, ಇಪ್ಪತ್ತು ಅಡಿ ಆಳ, ಸಿಮೆಂಟ್ ರಿಂಗು. ಬಾವಿ ತೋಡುವುದನ್ನೇ ಕಸುಬಾಗಿ ಉಳಿಸಿಕೊಂಡ ಭೋವಿ ಸಮುದಾಯದ ಕುಟುಂಬಗಳು ಸರ್ಜಾಪುರದ ಕಡೆ ಈಗಲೂ ಇವೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಹಳೆಯ ಬಾವಿಗಳನ್ನು ಹೂಳೆತ್ತಿ ಮತ್ತೆ ನೀರು ಕಾಣಿಸಿದ್ದು ಅಂಥ ಕೈಗಳು. ಯಂತ್ರ ಕರೆಸುವುದು ಬೇಡ, ಅವರನ್ನೇ ಕರೆಸೋಣ. ತೋಡುವ ದಿನ ಮಕ್ಕಳು ನಿಂತು ನೋಡಲಿ. ಮಣ್ಣು ಎಲ್ಲಿ ಮುಗಿಯುತ್ತದೆ, ಕಲ್ಲು ಎಲ್ಲಿ ಶುರುವಾಗುತ್ತದೆ, ತೇವ ಎಷ್ಟನೇ ಅಡಿಗೆ ಸಿಗುತ್ತದೆ ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಲಿ. ಜೊತೆಗೆ ಒಂದು ಮಳೆಮಾಪಕ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಒಬ್ಬ ವಿದ್ಯಾರ್ಥಿ ಅಳತೆ ಬರೆದು ಸೂಚನಾ ಫಲಕದಲ್ಲಿ ಹಾಕಲಿ. ನಾನು ಇವತ್ತು ಬೆಂಗಳೂರಿನ ಅಂಕಿ ಹೇಳಿದೆ. ಮುಂದಿನ ಸಲ ಇಲ್ಲಿ ನಿಲ್ಲುವವರು ಬೊಮ್ಮಸಂದ್ರದ ಅಂಕಿ ಹೇಳಲಿ. ಆ ಅಂಕಿಗಳನ್ನು ಸೇರಿಸಿಡುವ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ, ಅದಕ್ಕೆ ದುಡ್ಡು ಬೇಡ.

ಸಮಿತಿಯ ಸಭೆ ಬರುವ ಶನಿವಾರ ಸಂಜೆ ಐದಕ್ಕೆ ಇದೇ ಶಾಲೆಯಲ್ಲಿದೆ. ಕಮಾನೇ ಬೇಕು ಎನ್ನುವವರೂ ಬನ್ನಿ, ಅಂದಾಜು ಪಟ್ಟಿ ನೋಡಿ ಬೈಯಿರಿ. ಅದರ ಮರುದಿನ, ಭಾನುವಾರ ಬೆಳಿಗ್ಗೆ ಏಳಕ್ಕೆ, ಶಾಲೆಯ ಗೇಟಿನಿಂದ ಕಾಲುವೆ ಹಿಡಿದು ಕೆರೆಯ ಕೋಡಿಯವರೆಗೆ ನಡೆಯುವವರಿದ್ದೇವೆ. ಕಂದಾಯ ನಕ್ಷೆಯ ಪ್ರತಿ ತಂದಿರುತ್ತೇನೆ. ಹಳೆಯ ತೂಬು ಎಲ್ಲಿತ್ತು ಎಂದು ತೋರಿಸಬಲ್ಲ ಹಿರಿಯರು ಒಬ್ಬಿಬ್ಬರಾದರೂ ಜೊತೆಗೆ ಬರಬೇಕು. ಮೊಣಕಾಲು ನೋವಿದ್ದವರಿಗೆ ನನ್ನ ಚಿಕ್ಕಪ್ಪನ ಮಗ ಟ್ಯಾಂಕರ್‌ನ ಮುಂದಿನ ಸೀಟು ಕೊಡುತ್ತಾನಂತೆ, ಈಗ ತಾನೇ ಕೈ ಸನ್ನೆ ಮಾಡಿ ಒಪ್ಪಿಕೊಂಡಿದ್ದಾನೆ.